ಆಟವನ್ನು ತಿದ್ದಿದವರು

ಆಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹುಡುಕುತ್ತಾರೆ. ಆಟವನ್ನು ಮೊದಲು ಕಟ್ಟಿದವರು ಯಾರು, ಅದರಲ್ಲಿ ಗೆದ್ದು ಹೆಸರಾದವರು ಯಾರು ಎಂಬುದು ಗೊತ್ತಾಯಿತೆಂದರೆ ಅವರ ಕೆಲಸ ಮುಗಿಯಿತು. ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಆಟ ಅವನದಲ್ಲ, ಗೆಲುವೂ ಅವನಿಗೆ ಅಷ್ಟು ದೊಡ್ಡದಲ್ಲ. ಆದರೆ ಕೈಗೆ ಬಂದ ಆಟವನ್ನು ಬಂದ ಹಾಗೆಯೇ ಆಡಲು ಅವನ ಮನಸ್ಸು ಒಪ್ಪುವುದಿಲ್ಲ. ಒಂದು ಮನೆಯನ್ನು ಕೂಡಿಸುತ್ತಾನೆ, ಒಂದು ನಿಯಮವನ್ನು ಬಿಡುತ್ತಾನೆ, ಕಾಯಿಯ ಹೆಸರನ್ನು ಬದಲಿಸುತ್ತಾನೆ. ಭಾಲ್ಕಿ ತಾಲೂಕಿನ ನಮ್ಮ ಮೆಹಕರದಂಥ ಊರುಗಳಲ್ಲಿ ಕಲ್ಲಿನ ಕಟ್ಟೆಯ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದವರು ಇಂಥವರೇ. ಐದೈದು ಮನೆಗಳ ಆಟ ಸಾಲದೆಂದು ಏಳೇಳು ಮನೆಗಳನ್ನು ಬರೆದವರು ಯಾರೋ, ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಕಾಲಿಡಬಾರದೆಂದು ವಿಧಿಸಿದವರು ಯಾರೋ, ಹೇಳುವವರಿಲ್ಲ. ಓಣಿಗೊಂದು ನಿಯಮವಾದರೂ ಆಟದ ಹೆಸರು ಮಾತ್ರ ಒಂದೇ.

ಅರಮನೆಯಲ್ಲಿಯೂ ಇಂಥ ತಿದ್ದುಗಾರರಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಆಟವನ್ನು ವಿಸ್ತರಿಸಿ ಹೊಸ ಹೊಸ ‘ಛದ’ಗಳನ್ನು ಕಲ್ಪಿಸಿದರು. ದಶಾವತಾರದ ಗಂಜೀಫಾಕ್ಕೆ 120 ಎಲೆಗಳು ಸಾಕು. ಅವರ ಚಾಮುಂಡೇಶ್ವರಿ ಛದಕ್ಕೆ 320 ಬೇಕು, ಜಗನ್ಮೋಹನ ಛದಕ್ಕೆ 360. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಚಿತ್ರಗಳೇನೋ ಮನೋಹರವಾದವು. ಆದರೆ 360 ಎಲೆಗಳನ್ನು ಕಲಸಿ ಹಂಚಿ ಆಡುವ ಪುರುಸೊತ್ತು ಅರಮನೆಯ ಹೊರಗೆ ಯಾರಿಗಿದ್ದೀತು? ಆ ಆಟಗಳು ಸಂಗ್ರಹಾಲಯವನ್ನು ಸೇರಿದುವು. ಹೆಸರಿಲ್ಲದವರ ಚೌಕಾಬಾರ ಕಟ್ಟೆಯ ಮೇಲೆಯೇ ಉಳಿಯಿತು.

ಇಂದು ನಾನು ಹೇಳಹೊರಟಿರುವುದು ಕಂಪ್ಯೂಟರ್ ಪರದೆಯ ಮೇಲಿನ ಒಂದು ಬಗೆಯ ಆಟಗಳ ವಿಷಯ, ಅದರಲ್ಲಿಯೂ ಆ ಆಟಗಳನ್ನು ತಿದ್ದಿದ ಅಭಿಮಾನಿಗಳ ವಿಷಯ. ಇಂಗ್ಲಿಷಿನಲ್ಲಿ ಈ ಆಟಗಳಿಗೆ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇವು ಉತ್ತಮಪುರುಷದ ಆಟಗಳು. ಪರದೆಯ ಮೇಲೆ ಆಟಗಾರನ ಮೈ ಕಾಣುವುದಿಲ್ಲ. ಅವನ ಕಣ್ಣಿಗೆ ಏನು ಕಾಣಬೇಕೋ ಅಷ್ಟೇ ಕಾಣುತ್ತದೆ, ಕೆಳಗೆ ಕೈಯಲ್ಲಿ ಹಿಡಿದ ಬಂದೂಕು. ಓಣಿಯ ತಿರುವಿನಾಚೆ ಏನಿದೆ ಎಂಬುದು ತಿರುಗಿದ ಮೇಲೆಯೇ ತಿಳಿಯಬೇಕು. ಇಂಥ ಆಟವೊಂದಕ್ಕೆ ಅಭಿಮಾನಿಗಳು ಮಾಡಿದ ತಿದ್ದುಪಡಿಗೆ ‘ಮಾಡ್’ ಎನ್ನುತ್ತಾರೆ. ಇಂಗ್ಲಿಷಿನ ಉದ್ದ ಪದವೊಂದರ ಮೊಟಕುರೂಪವದು. ಕನ್ನಡದ ಕಿವಿಗೆ ಅದು ‘ಮಾಡು’ ಎಂದೇ ಕೇಳುತ್ತದೆ. ಈ ಕಿವಿಮೋಸದಲ್ಲಿ ಅರ್ಥಕ್ಕೆ ಹಾನಿಯೇನೂ ಇಲ್ಲ.

ಇದರ ಬೇರು 1980ರ ದಶಕದಲ್ಲಿಯೇ ಇದೆ. 1981ರಲ್ಲಿ ಸೈಲಸ್ ವಾರ್ನರ್ ಎಂಬಾತ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಎಂಬ ಆಟವನ್ನು ರಚಿಸಿದ. ನಾಜಿ ಕೋಟೆಯಿಂದ ಸೆರೆಯಾಳು ತಪ್ಪಿಸಿಕೊಳ್ಳುವ ಕಥೆ ಅದು. ಮೇಲಿನಿಂದ ನೋಡುವ ಆಟ, ಉತ್ತಮಪುರುಷದ್ದಲ್ಲ. 1983ರಲ್ಲಿ ಕೆಲವು ಹುಡುಗರು ಅದರೊಳಗಿನ ಸೈನಿಕರನ್ನು ತೆಗೆದು ಮಕ್ಕಳ ವ್ಯಂಗ್ಯಚಿತ್ರದ ನೀಲಿ ಕುಳ್ಳರಾದ ಸ್ಮರ್ಫ್‌ಗಳನ್ನು ತಂದು ನಿಲ್ಲಿಸಿದರು. ಬರಿಯ ಚೇಷ್ಟೆ. ಆದರೆ ಮುಂದೆ ಬರಲಿದ್ದುದರ ಬೀಜ ಅಲ್ಲಿತ್ತು. ಅದೇ ಕೋಟೆಯ ಕಥೆಯನ್ನು 1992ರಲ್ಲಿ ಐಡಿ ಸಾಫ್ಟ್‌ವೇರ್ ಎಂಬ ಅಮೆರಿಕದ ಪುಟ್ಟ ಸಂಸ್ಥೆ ಉತ್ತಮಪುರುಷದಲ್ಲಿ ಹೇಳಿತು. ‘ವುಲ್ಫೆನ್‌ಸ್ಟೈನ್ 3ಡಿ’ ಎಂಬ ಆ ಆಟದ ನಕಾಶೆಗಳನ್ನು ಬದಲಿಸುವ ಉಪಕರಣವನ್ನು ಬಿಲ್ ಕರ್ಬಿ ಎಂಬ ಅಭಿಮಾನಿ ಬರೆದ. ಸಂಸ್ಥೆ ಅದಕ್ಕೆ ದಾರಿ ಮಾಡಿಕೊಟ್ಟಿರಲಿಲ್ಲ. ಗೋಡೆ ಒಡೆದು ಒಳಹೊಕ್ಕಂತೆ ಅವನು ಹೊಕ್ಕಿದ್ದ. ತೊಡಕೆಂದರೆ, ಹೊಸದನ್ನು ಬರೆಯಬೇಕಾದರೆ ಹಳೆಯದನ್ನು ಅಳಿಸಲೇಬೇಕಿತ್ತು. ಪಾಟಿಯ ಮೇಲೆ ಬರೆದ ಹಾಗೆ.

ಇದನ್ನು ಕಂಡು ಸಿಟ್ಟಾಗುವ ಬದಲು ಸಂತೋಷಪಟ್ಟವನು ಆ ಸಂಸ್ಥೆಯ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್. ಮುಂದಿನ ಆಟ ‘ಡೂಮ್’ 1993ರ ಡಿಸೆಂಬರ್ 10ರಂದು ಹೊರಬಂದಾಗ ಅದರ ಒಳರಚನೆಯೇ ಬೇರೆಯಾಗಿತ್ತು. ಆಟವನ್ನು ನಡೆಸುವ ಯಂತ್ರಭಾಗ ಒಂದು ಕಡತದಲ್ಲಿ. ನಕಾಶೆ, ಚಿತ್ರ, ಸದ್ದು, ಸಂಗೀತ ಇವೆಲ್ಲ ಇನ್ನೊಂದು ಕಡತದಲ್ಲಿ. ಈ ಎರಡನೆಯದಕ್ಕೆ ‘ವ್ಯಾಡ್’ ಎಂದು ಹೆಸರಿಟ್ಟರು. ‘ಸಾಮಗ್ರಿಯೆಲ್ಲ ಎಲ್ಲಿದೆ’ ಎಂದು ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆಯ ಮೊದಲಕ್ಷರಗಳವು. ಅಷ್ಟೇ ಆಗಿದ್ದರೆ ಅದೊಂದು ಅಚ್ಚುಕಟ್ಟಿನ ವಿಷಯ ಮಾತ್ರವಾಗುತ್ತಿತ್ತು. ಅವರು ಇನ್ನೊಂದು ಏರ್ಪಾಟನ್ನೂ ಮಾಡಿದ್ದರು. ಹೊರಗಿನವನು ಬರೆದ ಸಣ್ಣ ವ್ಯಾಡ್ ಒಂದನ್ನು ಜೊತೆಗಿಟ್ಟು ಆಟವನ್ನು ಆರಂಭಿಸಿದರೆ, ಅದರಲ್ಲಿ ಇದ್ದಷ್ಟನ್ನು ಅದರಿಂದಲೂ ಇಲ್ಲದ್ದನ್ನು ಮೂಲದಿಂದಲೂ ಯಂತ್ರ ಎತ್ತಿಕೊಳ್ಳುತ್ತಿತ್ತು. ಮೂಲಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ. ಈ ಸಣ್ಣ ವ್ಯಾಡಿಗೆ ಅವರು ಕೊಟ್ಟ ಹೆಸರಿನ ಅರ್ಥ ತೇಪೆ ಎಂದು. ನಮ್ಮ ಹೆಂಗಸರು ಹಳೆಯ ಸೀರೆಯ ಮೇಲೆ ತುಂಡು ತುಂಡು ಬಟ್ಟೆಯನ್ನಿಟ್ಟು ಕೌದಿ ಹೊಲಿಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಮ್ಮ ಸರಕನ್ನು ಹೀಗೆ ಕಂಡವರ ಕೈಗೆ ಒಪ್ಪಿಸುವುದು ಆ ಸಂಸ್ಥೆಯೊಳಗೆ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಕಾರ್ಮ್ಯಾಕನ ಮಾತು ನಡೆಯಿತು.

ಬಾಗಿಲು ತೆರೆದಿತ್ತೆಂದ ಮಾತ್ರಕ್ಕೆ ಒಳಗೆ ದೀಪವಿರಲಿಲ್ಲ. ವ್ಯಾಡಿನ ಒಳಗಿನ ಅಂಕಿಗಳು ಏನನ್ನು ಸೂಚಿಸುತ್ತವೆಂದು ಯಾರೂ ಬರೆದು ಕೊಟ್ಟಿರಲಿಲ್ಲ. ಅಭಿಮಾನಿಗಳೇ ಶಾಸನ ಓದುವವರಂತೆ ಒಂದೊಂದೇ ಅಂಕಿಯನ್ನು ಬದಲಿಸಿ ನೋಡಿ ಅರ್ಥವನ್ನು ಬಿಡಿಸಿದರು. ಮ್ಯಾಟ್ ಫೆಲ್ ಎಂಬಾತ ಆ ತಿಳಿವಳಿಕೆಯನ್ನೆಲ್ಲ ಒಂದು ಕೈಪಿಡಿಯಾಗಿ ಹೊಂದಿಸಿ 1994ರಲ್ಲಿ ಹಂಚಿದ. ಅದೇ ವರ್ಷದ ಮೊದಲ ತಿಂಗಳಲ್ಲಿಯೇ ನಕಾಶೆ ಬರೆಯುವ ಉಪಕರಣವೊಂದು ಬಂದಿತ್ತು. ಅದನ್ನು ರಚಿಸಿದವರು ಬ್ರೆಂಡನ್ ವೈಬರ್ ಮತ್ತು ರಾಫೇಲ್ ಕಿನೆ. ಒಬ್ಬ ನ್ಯೂಜಿಲೆಂಡಿನವನು, ಇನ್ನೊಬ್ಬ ಬೆಲ್ಜಿಯಮ್ಮಿನವನು. ಆಟ ಹುಟ್ಟಿದ್ದು ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ. ಅದನ್ನು ತಿದ್ದುವ ಲೇಖನಿ ಹುಟ್ಟಿದ್ದು ಭೂಮಿಯ ಇನ್ನೆರಡು ಮೂಲೆಗಳಲ್ಲಿ, ಅದೂ ಎರಡು ತಿಂಗಳೊಳಗೆ. 1994ರ ಮಾರ್ಚ್ 7ರಂದು ಜೆಫ್ರಿ ಬರ್ಡ್ ಎಂಬಾತ ಒಂದು ಪುಟ್ಟ ನಕಾಶೆಯನ್ನು ಹೊರಗಿಟ್ಟ. ಹೊರಗಿನವರು ಬರೆದುದರಲ್ಲಿ ಇಂದು ನಮಗೆ ತಿಳಿದಿರುವ ಮೊದಲ ತೇಪೆ ಅದು.

ಹೀಗೊಂದು ನಕಾಶೆ ಬರೆಯುವುದೆಂದರೆ ಏನು? ಓದುಬರಹದಲ್ಲಿ ಆಸಕ್ತರಾದ ತಮಗೆ ಇದರ ಕುಶಲತೆ ತಿಳಿದರೆ ಮುಂದಿನ ಮಾತು ಸುಲಭವಾದೀತು. ನನ್ನ ಅಕ್ಕನ ಮಗನೊಬ್ಬ ಎಂಜಿನಿಯರಿಂಗ್ ಓದುತ್ತಾನೆ. ರಜೆಯಲ್ಲಿ ಬಂದಾಗ ಬೀದರ ಕೋಟೆಯನ್ನು ಡೂಮ್ ನಕಾಶೆಯಾಗಿ ಬರೆಯಲು ಕುಳಿತ. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಮೊದಲು ಕಾಗದದ ಮೇಲೆ ಎಳೆದಂತೆ ಪರದೆಯ ಮೇಲೆ ಬಿಂದುಗಳನ್ನಿಡಬೇಕು. ಬಿಂದುಗಳನ್ನು ಗೆರೆಗಳಿಂದ ಕೂಡಿಸಬೇಕು. ಗೆರೆಗಳಿಂದ ಸುತ್ತುವರಿದ ಜಾಗ ಒಂದು ಕೋಣೆಯಾಗುತ್ತದೆ. ಆ ಕೋಣೆಗೆ ನೆಲದ ಎತ್ತರ ಒಂದು ಅಂಕಿ, ಚಾವಣಿಯ ಎತ್ತರ ಒಂದು ಅಂಕಿ, ಬೆಳಕಿಗೆ ಸೊನ್ನೆಯಿಂದ 255ರವರೆಗೆ ಒಂದು ಅಂಕಿ. ಆಮೇಲೆ ಗೋಡೆಗೆ ಯಾವ ಕಲ್ಲಿನ ಚಿತ್ರ, ಯಾವ ಮೂಲೆಯಲ್ಲಿ ಯಾವ ರಾಕ್ಷಸ, ಯಾವ ಬಾಗಿಲಿಗೆ ಯಾವ ಬಣ್ಣದ ಕೀಲಿ. ಹದಿನಾರು ಕಂಬದ ಮಸೀದಿ ಅವನಿಗೆ ಬಹು ಬೇಗ ಕೈಗೂಡಿತು, ಏಕೆಂದರೆ ಸಾಲುಕಂಬಗಳೆಂದರೆ ಈ ಯಂತ್ರಕ್ಕೆ ಹಬ್ಬ. ಬಂಡೆಯಲ್ಲಿ ಕಡಿದ ಮೂರು ಸಾಲಿನ ಕಂದಕವೂ ಬಂತು. ನೆಲದ ಎತ್ತರವನ್ನು ಮೂರು ಕಡೆ ತಗ್ಗಿಸಿದರೆ ಆಯಿತು. ಗುಂಬಜ್ ದರವಾಜೆಗೆ ಬಂದಾಗ ಕೈ ನಿಂತಿತು. “ಗುಮ್ಮಟ ಇದ್ರಾಗ ಬರಂಗಿಲ್ಲ್ರಿ ಮಾಮಾ” ಎಂದ. 1993ರ ಆ ಯಂತ್ರಕ್ಕೆ ಇಳಿಜಾರು ತಿಳಿಯದು. ನೆಲವೂ ಚಾವಣಿಯೂ ಸಪಾಟಾಗಿಯೇ ಇರಬೇಕು. ಇನ್ನೂ ದೊಡ್ಡ ಕಟ್ಟುಪಾಡೊಂದಿದೆ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಕೂಡದು. ನೋಡುವವನಿಗೆ ಮೂರು ಆಯಾಮದ ಲೋಕ. ಒಳಗೆ ಇರುವುದು ಮಡಿಸದ ಕಾಗದದ ಮೇಲಿನ ನಕಾಶೆ.

ಹುಡುಗ ಗುಮ್ಮಟವನ್ನು ಬಿಡಲಿಲ್ಲ. ಚಾವಣಿಯನ್ನು ಒಂದರೊಳಗೊಂದು ಬಳೆಗಳಂತೆ ಸೀಳಿ, ಒಳಗೆ ಹೋದಂತೆ ಒಂದೊಂದು ಅಂಗುಲ ಎತ್ತರಿಸಿದ. ಒಳಗೆ ನಿಂತು ತುಸು ದೂರದಿಂದ ನೋಡಿದರೆ ಗುಮ್ಮಟದ ಹೊಟ್ಟೆಯಂತೆಯೇ ಕಂಡಿತು. ಛಂದಸ್ಸಿನ ಕಟ್ಟಿನೊಳಗೆ ಕವಿ ಮಾಡುವ ಉಪಾಯಗಳಿಗೂ ಇದಕ್ಕೂ ಹೆಚ್ಚು ದೂರವಿಲ್ಲವೆಂದು ನನಗೆ ತೋರಿತು. ಕಂದಪದ್ಯದ ಮಾತ್ರೆಗಳನ್ನು ಎಣಿಸಿದವರು ನನ್ನ ಮಾತನ್ನು ಒಪ್ಪಿಯಾರು.

ಬರೆದ ನಕಾಶೆ ಒಡನೆಯೇ ಆಟವಾಗುವುದಿಲ್ಲ. ಎಲ್ಲಿ ನಿಂತರೆ ಯಾವ ಗೋಡೆ ಮುಂದೆ, ಯಾವುದು ಹಿಂದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಜಾಗವನ್ನು ಸೀಳಿ ಸೀಳಿ ಇಡಬೇಕು. ಆಡುವಾಗ ಅಷ್ಟೊಂದು ಲೆಕ್ಕ ಮಾಡುವ ಶಕ್ತಿ ಆಗಿನ ಯಂತ್ರಗಳಿಗಿರಲಿಲ್ಲ. ಈ ಸೀಳುವ ಪ್ರೋಗ್ರಾಮನ್ನೂ ಅಭಿಮಾನಿಗಳೇ ಬರೆದುಕೊಂಡರು. ನಕಾಶೆಗೆ ಸಿಕ್ಕದ ಸಂಗತಿಗಳು, ಅಂದರೆ ರಾಕ್ಷಸನ ಬಲ, ಗುಂಡಿನ ವೇಗ ಮುಂತಾದವು, ಯಂತ್ರಭಾಗದೊಳಗೇ ಹುದುಗಿದ್ದುವು. ಅದನ್ನೂ ಬಗೆದು ತಿದ್ದುವ ಉಪಕರಣವನ್ನು ಗ್ರೆಗ್ ಲೂಯಿಸ್ ಎಂಬಾತ 1994ರಲ್ಲಿ ಕೊಟ್ಟ. ಇವರಿಗೆ ಯಾರೂ ಸಂಬಳ ಕೊಟ್ಟವರಿಲ್ಲ. ಐಡಿ ಸಂಸ್ಥೆ ಕೇಳಿಕೊಂಡದ್ದು ಒಂದೇ: ನಿಮ್ಮ ತೇಪೆಗಳು ಉಚಿತವಾಗಿ ಹಂಚುವ ಮಾದರಿ ಆಟದ ಮೇಲೆ ನಡೆಯದಿರಲಿ, ಹಣ ಕೊಟ್ಟು ಕೊಂಡ ಪೂರ್ಣ ಆಟದ ಮೇಲೆ ಮಾತ್ರ ನಡೆಯಲಿ ಎಂದು. ವ್ಯಾಪಾರಿಯ ಮಾತಾದರೂ ನ್ಯಾಯವಾದ ಮಾತು. ಬಹುಮಟ್ಟಿಗೆ ಎಲ್ಲರೂ ಅದನ್ನು ಪಾಲಿಸಿದರು.

ಆ ವರ್ಷದ ಸೃಷ್ಟಿಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೆಸರಿಸುತ್ತೇನೆ. ಜಸ್ಟಿನ್ ಫಿಶರ್ ಎಂಬಾತ 1986ರ ‘ಏಲಿಯನ್ಸ್’ ಚಲನಚಿತ್ರವನ್ನು ಡೂಮಿನ ಮೈಮೇಲೆ ತಂದ. ಚಿತ್ರ, ಸದ್ದು, ರಾಕ್ಷಸ, ನಕಾಶೆ ಎಲ್ಲವನ್ನೂ ಬದಲಿಸಿದ. ಪೂರ್ಣ ರೂಪಾಂತರ ಎಂಬ ಪ್ರಕಾರವೇ ಅದರಿಂದ ಹುಟ್ಟಿತು. ನನಗೆ ಹಿಡಿಸಿದ್ದು ಆ ಬದಲಾವಣೆಯ ಸಾಹಸವಲ್ಲ. ಡೂಮಿನಲ್ಲಿ ಕಾಲಿಟ್ಟ ಗಳಿಗೆಯಿಂದ ಗುಂಡಿನ ಸದ್ದು. ಫಿಶರನ ಮೊದಲ ಅಂಕದಲ್ಲಿ ಶತ್ರುವೇ ಇಲ್ಲ. ಖಾಲಿ ಓಣಿಗಳು, ಮುಚ್ಚಿದ ಬಾಗಿಲುಗಳು; ಆಟಗಾರ ಬಂದೂಕು ಹಿಡಿದು ನಡೆಯುತ್ತಾನೆ, ಏನೂ ಬರುವುದಿಲ್ಲ. ಬರುತ್ತದೆಂಬ ಭಯವೇ ಅಲ್ಲಿ ವಸ್ತು. ಗುಂಡಿಕ್ಕುವ ಆಟದಲ್ಲಿ ಗುಂಡಿಕ್ಕದ ಒಂದು ಅಂಕ ಬರೆಯುವುದಕ್ಕೆ ಕಲೆಗಾರನ ಧೈರ್ಯ ಬೇಕು. ಮೂಲ ಕರ್ತೃಗಳಿಗೆ ಅದು ಹೊಳೆದಿರಲಿಲ್ಲ.

ಇಷ್ಟು ಪ್ರೀತಿಯ ಸರಕು ಬಿಟ್ಟಿಯಾಗಿ ಬಿದ್ದಿರುವಾಗ ಹಣದ ಕಣ್ಣು ಅದರ ಮೇಲೆ ಬೀಳದಿರುತ್ತದೆಯೆ? 1995ರ ಹೊತ್ತಿಗೆ ಅಭಿಮಾನಿಗಳ ನಕಾಶೆಗಳನ್ನು ನೂರುಗಟ್ಟಲೆಯಾಗಿ ಬಾಚಿ ಅಡಕ ತಟ್ಟೆಗಳಲ್ಲಿ ತುಂಬಿ ಅಂಗಡಿಗಳಲ್ಲಿ ಮಾರುವವರು ಹುಟ್ಟಿಕೊಂಡರು. ಬರೆದವರನ್ನು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಅದೇ ವರ್ಷ ಇನ್ನೊಂದು ಘಟನೆ ನಡೆಯಿತು. ಟೀಮ್ ಟಿಎನ್‌ಟಿ ಎಂಬ ಹವ್ಯಾಸಿಗಳ ಗುಂಪು ಬಹುಕಾಲ ದುಡಿದು ‘ಇವಿಲ್ಯೂಷನ್’ ಎಂಬ ಪೂರ್ಣ ಸಂಪುಟವನ್ನು ಸಿದ್ಧಪಡಿಸಿ, ಉಚಿತವಾಗಿ ಹಂಚುವುದಾಗಿ ಸಾರಿತ್ತು. ಬಿಡುಗಡೆಯ ಗಳಿಗೆಯಲ್ಲಿ ಐಡಿ ಸಂಸ್ಥೆ ಅದನ್ನು ಕೊಂಡುಕೊಂಡಿತು. 1996ರಲ್ಲಿ ಅದು ‘ಫೈನಲ್ ಡೂಮ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಕಾದಿದ್ದ ಅಭಿಮಾನಿಗಳು ಮೋಸವೆಂದು ಕೂಗಿದರು. ಬರೆದವರಿಗೆ ಮನ್ನಣೆಯೂ ಹಣವೂ ಬಂದುದು ತಪ್ಪೆ ಎಂದು ಇನ್ನು ಕೆಲವರು ಕೇಳಿದರು. ನನ್ನ ಮಟ್ಟಿಗೆ ಬಡಗಿಗೆ ಕೂಲಿ ದೊರೆತರೆ ಅಳುವವನ ಪಕ್ಷ ನನ್ನದಲ್ಲ. ಆದರೆ ಜಾತ್ರೆಗೆಂದು ಕಟ್ಟಿದ ತೇರನ್ನು ಹಿಂದಿನ ರಾತ್ರಿ ಮಾರಿದರೆ ಊರಿಗೆ ಏನನ್ನಿಸೀತು ಎಂಬುದೂ ಗೊತ್ತು.

ಪ್ರಶ್ನೆ ಕೊನೆಗೆ ನ್ಯಾಯಾಲಯದ ಮೆಟ್ಟಿಲೇರಿತು, ಡೂಮಿನ ವಿಷಯದಲ್ಲಲ್ಲ, 1996ರ ‘ಡ್ಯೂಕ್ ನ್ಯೂಕೆಮ್ 3ಡಿ’ ಎಂಬ ಆಟದ ವಿಷಯದಲ್ಲಿ. ಮೈಕ್ರೋ ಸ್ಟಾರ್ ಎಂಬ ವ್ಯಾಪಾರಿ ಸಂಸ್ಥೆ ಆ ಆಟಕ್ಕೆ ಅಭಿಮಾನಿಗಳು ಬರೆದ 300 ನಕಾಶೆಗಳನ್ನು ಒಟ್ಟುಗೂಡಿಸಿ ಮಾರಿತು. ಆಟದ ಪ್ರಕಾಶಕರಾದ ಫಾರ್ಮ್‌ಜೆನ್ ಆಕ್ಷೇಪಿಸಿದರು. ವ್ಯಾಪಾರಿಯ ವಾದ ಜಾಣತನದ್ದು. ನಾವು ಮಾರಿದ ಕಡತಗಳಲ್ಲಿ ನಿಮ್ಮ ಚಿತ್ರ ಒಂದೂ ಇಲ್ಲ. ಯಾವ ಚಿತ್ರವನ್ನು ಎಲ್ಲಿ ಇಡಬೇಕೆಂಬ ಸೂಚನೆ ಮಾತ್ರ ಇದೆ. ಜೋಡಣೆಯನ್ನು ಕಳವು ಎನ್ನುವುದು ಹೇಗೆ? ಕೆಳಗಿನ ನ್ಯಾಯಾಲಯ ಈ ಮಾತಿಗೆ ಮಣಿದಿತ್ತು. 1998ರಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯಾಧೀಶ ಕೊಜಿನ್ಸ್ಕಿ ಬರೆದ ತೀರ್ಪಿನ ತಾತ್ಪರ್ಯ ಇಷ್ಟು: ಈ ನಕಾಶೆಗಳು ಡ್ಯೂಕ್ ಎಂಬ ನಾಯಕನ ಹೊಸ ಸಾಹಸಗಳ ಕಥೆಗಳು, ಅಂದರೆ ಮೂಲಕಥೆಯ ಉತ್ತರಭಾಗಗಳು, ಉತ್ತರಭಾಗ ಬರೆಯುವ ಹಕ್ಕು ಮೂಲ ಕರ್ತೃವಿನದು.

ತೀರ್ಪಿನ ನ್ಯಾಯವನ್ನು ನಾನು ಪ್ರಶ್ನಿಸುವುದಿಲ್ಲ. ಅನ್ಯರ ಶ್ರಮವನ್ನು ಮಾರುತ್ತಿದ್ದ ವ್ಯಾಪಾರಿಗೆ ತಡೆಯಾದುದು ಒಳ್ಳೆಯದೇ. ಆದರೆ ಆ 300 ನಕಾಶೆಗಳನ್ನು ಬರೆದವರು ಈ ವ್ಯಾಜ್ಯದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಅವರ ಕೆಲಸದ ಒಡೆತನವನ್ನು ಕುರಿತು ಇಬ್ಬರು ವ್ಯಾಪಾರಿಗಳು ಜಗಳಾಡಿದರು. ಜೋಡಣೆಯೂ ಒಂದು ಕೃತಿಯೆಂದು ನ್ಯಾಯಾಲಯ ಕಂಡುಕೊಂಡಿತು ಸರಿ, ಕಂಡುಕೊಂಡೊಡನೆಯೇ ಅದನ್ನು ಜೋಡಿಸಿದವನ ಕೈಯಿಂದ ತೆಗೆದುಬಿಟ್ಟಿತು.

ಕಲ್ಯಾಣದ ನೆಲದವನಾದ ನನಗೆ ಇಲ್ಲಿ ‘ಶೂನ್ಯಸಂಪಾದನೆ’ಯ ನೆನಪಾಗದೆ ಇರದು. ಹನ್ನೆರಡನೆಯ ಶತಮಾನದ ಶರಣರು ಬಿಡಿಬಿಡಿಯಾಗಿ ಆಡಿದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಒಂದು ಸಂವಾದವಾಗಿ ಹೊಂದಿಸಿದ. ಅಲ್ಲಮ ಬರುತ್ತಾನೆ, ಒಬ್ಬೊಬ್ಬ ಶರಣನನ್ನು ಎದುರಿಸುತ್ತಾನೆ, ಮಾತಿಗೆ ಮಾತು ಬೆಳೆಯುತ್ತದೆ. ವಚನಗಳು ಹಳೆಯವು, ಯಾವುದರ ಮುಂದೆ ಯಾವುದನ್ನಿಡಬೇಕೆಂಬ ಬಗೆ ಹೊಸದು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಎಂಬವರು ಅದನ್ನೇ ಎತ್ತಿಕೊಂಡು ಮತ್ತೆ ಹಿಗ್ಗಿಸಿದರು, ತಿದ್ದಿದರು. ನಾಲ್ಕು ಸಂಪಾದನೆಗಳೂ ನಮ್ಮಲ್ಲಿ ಉಳಿದಿವೆ. ಒಂದು ಇನ್ನೊಂದರ ಕಳವೆಂದು ಯಾರೂ ಮೊಕದ್ದಮೆ ಹೂಡಲಿಲ್ಲ. ಅಲ್ಲಿಯ ಸರಕು ಅನುಭಾವ, ಇಲ್ಲಿಯದು ಗುಂಡು ಮದ್ದು; ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನನ್ನದಲ್ಲ. ಕೆಲಸದ ಬಗೆ ಮಾತ್ರ ಒಂದೇ: ಇದ್ದುದನ್ನೇ ತೆಗೆದುಕೊಂಡು, ಇಡುವ ಜಾಗವನ್ನು ಬದಲಿಸಿ, ಇಲ್ಲದ ಅರ್ಥವನ್ನು ಹೊರಡಿಸುವುದು.

ಪಂಪನನ್ನೂ ನೆನೆಯಬಹುದು. ವೇಮುಲವಾಡದಲ್ಲಿ ಕುಳಿತು 941ರ ಸುಮಾರಿನಲ್ಲಿ ಅವನು ವ್ಯಾಸರ ಭಾರತವನ್ನು ಕನ್ನಡಿಸಿದಾಗ ಅರ್ಜುನನ ಮುಖದ ಮೇಲೆ ತನ್ನ ದೊರೆ ಅರಿಕೇಸರಿಯ ಮುಖವನ್ನಿಟ್ಟ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿಸಿದ. ಇಂದಿನ ಹುಡುಗರ ಭಾಷೆಯಲ್ಲಿ ಇದು ಪೂರ್ಣ ರೂಪಾಂತರ. ನಮ್ಮ ಹಳ್ಳಿಗಳ ಜನ ಭಾರತವನ್ನು ತಿಳಿದದ್ದು ವ್ಯಾಸರಿಂದಲ್ಲ, ಗದುಗಿನ ನಾರಣಪ್ಪನಿಂದ, ಲಕ್ಷ್ಮೀಶನಿಂದ, ಬಯಲಾಟದ ಭಾಗವತರಿಂದ. ಮೂಲ ನಮ್ಮನ್ನು ತಲುಪುವುದಕ್ಕೆ ಮೊದಲೇ ರೂಪಾಂತರ ತಲುಪಿರುತ್ತದೆ. ಅನೇಕರಿಗೆ ಅದೇ ಮೂಲ.

ಉತ್ತಮಪುರುಷದ ಆಟಗಳು ನಮ್ಮ ಕಡೆಗೆ ಬಂದುದೂ ಹೀಗೆಯೇ. 1998ರಲ್ಲಿ ವಾಲ್ವ್ ಸಂಸ್ಥೆಯ ‘ಹಾಫ್ ಲೈಫ್’ ಹೊರಬಂತು. ಮಿನ್ ಲೀ ಎಂಬ, ವಿಯೆಟ್ನಾಮಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ವಿದ್ಯಾರ್ಥಿ, ಜೆಸ್ ಕ್ಲಿಫ್ ಎಂಬ ಜೊತೆಗಾರನೊಡನೆ ಅದಕ್ಕೊಂದು ಮಾಡ್ ಬರೆದ. 1999ರ ಜೂನ್‌ನಲ್ಲಿ ಮೊದಲ ಕರಡು ಹೊರಬಿತ್ತು. ‘ಕೌಂಟರ್ ಸ್ಟ್ರೈಕ್’ ಎಂಬುದು ಅದರ ಹೆಸರು. ಒಬ್ಬನೇ ನಾಯಕ ನಡೆಯುವ ಕಥೆ ಹೋಗಿ ಎರಡು ತಂಡಗಳ ಆಟವಾಯಿತು. ಸತ್ತವನು ಆ ಸುತ್ತು ಮುಗಿಯುವವರೆಗೆ ಸುಮ್ಮನೆ ಕುಳಿತು ನೋಡಬೇಕೆಂಬ ನಿಯಮ ಬಂತು. ನಮ್ಮ ಕಬಡ್ಡಿಯ ಹುಡುಗರಿಗೆ ಈ ಕಾಯುವ ಸಂಕಟ ಹೊಸದೇನಲ್ಲ. 2000ದಲ್ಲಿ ವಾಲ್ವ್ ಸಂಸ್ಥೆಯೇ ಅದನ್ನು ಕೊಂಡು ಅಂಗಡಿಗೆ ತಂದಿತು. ಮುಂದಿನ ಕೆಲವು ವರ್ಷ ಬೆಂಗಳೂರಿನಿಂದ ಬೀದರದವರೆಗೆ ಸೈಬರ್ ಕೆಫೆಗಳಲ್ಲಿ ತಂತಿಯಿಂದ ಒಂದಕ್ಕೊಂದು ಜೋಡಿಸಿದ ಯಂತ್ರಗಳ ಮುಂದೆ ಹುಡುಗರು ಗಂಟೆಯ ಲೆಕ್ಕದಲ್ಲಿ ಕುಳಿತು ಆಡಿದ್ದು ಇದನ್ನೇ. ಕನ್ನಡ, ಮರಾಠಿ, ದಖನಿ ಉರ್ದು ಮೂರರಲ್ಲಿಯೂ ಬೈಗುಳಗಳು ಕೇಳುತ್ತಿದ್ದುವು. ‘ಹಾಫ್ ಲೈಫ್’ ಎಂಬ ಮೂಲವನ್ನು ಆಡಿದವರು ಅವರಲ್ಲಿ ಬಹು ವಿರಳ. ತಾವು ಆಡುತ್ತಿರುವುದು ಯಾರೋ ವಿದ್ಯಾರ್ಥಿ ಬಿಡುವಿನಲ್ಲಿ ಹೊಲಿದ ತೇಪೆಯೆಂದು ತಿಳಿದವರು ಇನ್ನೂ ವಿರಳ.

ಕೊಲ್ಲುವ ಆಟವನ್ನು ಇಷ್ಟು ಹೊಗಳಬಹುದೆ ಎಂದು ಕೇಳುವವರಿಗೆ ಉತ್ತರ ಹೇಳದೆ ಮುಂದೆ ಹೋಗಲಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ. 1996ರಲ್ಲಿ ಅಮೆರಿಕದ ನೌಕಾಪದಾತಿ ದಳ ಡೂಮಿನ ಎರಡನೆಯ ಭಾಗವನ್ನೇ ತಿದ್ದಿ ‘ಮರೀನ್ ಡೂಮ್’ ಎಂಬುದನ್ನು ಮಾಡಿಕೊಂಡಿತು. ರಾಕ್ಷಸರ ಜಾಗದಲ್ಲಿ ಮನುಷ್ಯ ಸೈನಿಕರನ್ನಿಟ್ಟು, ನಾಲ್ವರ ತುಕಡಿ ಹೇಗೆ ಒಟ್ಟಾಗಿ ಮುನ್ನಡೆಯಬೇಕೆಂಬುದನ್ನು ಕಲಿಸಲು ಬಳಸಿದರು. ಅಭಿಮಾನಿಗಳಿಗೆ ತೆರೆದ ಬಾಗಿಲು ಸೇನೆಗೂ ತೆರೆದೇ ಇತ್ತು. ಅದೇ ವರ್ಷ ಇನ್ನೊಂದು ತಿದ್ದುಪಡಿಯೂ ಬಂತು. ಬೆಳಗಿನ ತಿಂಡಿಯ ಡಬ್ಬಿಗಳಲ್ಲಿ ಮಕ್ಕಳಿಗೆ ಉಚಿತವಾಗಿ ಸಿಗುತ್ತಿದ್ದ ‘ಚೆಕ್ಸ್ ಕ್ವೆಸ್ಟ್’ ಅದು. ಅಭಿಮಾನಿಗಳ ಕೈಕೆಲಸವಲ್ಲ, ವ್ಯಾಪಾರಿಗಳದೇ. ಯಂತ್ರಭಾಗ ಮಾತ್ರ ಡೂಮಿನದು. ಅದರಲ್ಲಿ ರಕ್ತವಿಲ್ಲ, ಸಾವಿಲ್ಲ. ಲೋಳೆಯಂಥ ಹಸುರು ಜೀವಿಗಳನ್ನು ಅವುಗಳ ಲೋಕಕ್ಕೆ ಮರಳಿ ಕಳುಹಿಸುವುದಷ್ಟೇ ನಾಯಕನ ಕೆಲಸ. ಒಂದೇ ಯಂತ್ರ, ಒಂದೇ ವರ್ಷ, ಒಂದು ಕಡೆ ಸೈನಿಕ ಶಿಕ್ಷಣ, ಇನ್ನೊಂದು ಕಡೆ ತಿಂಡಿ ಡಬ್ಬಿಯ ನಗೆಯಾಟ. ಹಿಂಸೆ ಆ ಯಂತ್ರದ ಸ್ವಭಾವವೋ, ತುಂಬಿದವರ ಸ್ವಭಾವವೋ ಎಂಬುದನ್ನು ಇದರಿಂದ ಊಹಿಸಬಹುದು.

ಇನ್ನು 1997ರ ಡಿಸೆಂಬರ್ 23ರ ಸಂಗತಿ. ಆ ದಿನ ಐಡಿ ಸಂಸ್ಥೆ ಡೂಮಿನ ಯಂತ್ರಭಾಗದ ಮೂಲಬರಹವನ್ನೇ ಲೋಕಕ್ಕೆ ಬಿಟ್ಟುಕೊಟ್ಟಿತು. 1999ರಲ್ಲಿ ಅದನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದಾದ, ತಿದ್ದಿದ್ದನ್ನೂ ಹಾಗೆಯೇ ಹಂಚಬೇಕಾದ ಸಾರ್ವಜನಿಕ ಪರವಾನಗಿಗೆ ಒಳಪಡಿಸಿತು. ಅಲ್ಲಿಯವರೆಗೆ ಅಭಿಮಾನಿ ಮನೆಯೊಳಗಿನ ಸಾಮಾನುಗಳನ್ನು ಬದಲಿಸಬಲ್ಲವನಾಗಿದ್ದ; ಈಗ ತೊಲೆ ಕಂಬಗಳನ್ನೇ ಬದಲಿಸಬಲ್ಲವನಾದ. ಮೊದಲು ಕೈಹಚ್ಚಿದವರಲ್ಲಿ ಆ ಟೀಮ್ ಟಿಎನ್‌ಟಿಯವರೇ ಇದ್ದರೆಂಬುದು ಸ್ವಾರಸ್ಯವಾದ ಸಂಗತಿ. ಮಾರಿಕೊಂಡವರೆಂದು ಬೈಸಿಕೊಂಡಿದ್ದ ಅವರು 1998ರಲ್ಲಿ ‘ಬೂಮ್’ ಎಂಬ ಪರಿಷ್ಕೃತ ಯಂತ್ರವನ್ನು ಉಚಿತವಾಗಿ ಕೊಟ್ಟರು. ಅದೇ ವರ್ಷ ರ‍್ಯಾಂಡಿ ಹೈಟ್‌ನ ‘ಝೀಡೂಮ್’ ಬಂತು. 2005ರಲ್ಲಿ ಅದರ ಮೇಲೆ ಕ್ರಿಸ್ಟೋಫ್ ಅಲ್ಕರ್ಸ್ ‘ಜಿಝೀಡೂಮ್’ ಕಟ್ಟಿದ. ಇಳಿಜಾರುಗಳು ಬಂದುವು, ನೀರಿನ ಆಳ ಬಂತು, ಕೋಣೆಯ ಮೇಲೆ ಕೋಣೆ ಬಂತು. ಮೂಲ ಆಟದ ಚಿತ್ರ ಮತ್ತು ಸದ್ದುಗಳಿಗೆ ಬದಲಾಗಿ ಎಲ್ಲವನ್ನೂ ಹೊಸದಾಗಿ ರಚಿಸಿ ‘ಫ್ರೀಡೂಮ್’ ಎಂಬ ಉಚಿತ ಸಾಮಗ್ರಿಯನ್ನು ಸಿದ್ಧಪಡಿಸಿದವರೂ ಉಂಟು. ಅಲ್ಲಿಗೆ ಕೌದಿಯ ಅಡಿಬಟ್ಟೆಯೂ ಅಭಿಮಾನಿಗಳದೇ ಆಯಿತು. ಮೂಲ ಆಟವನ್ನು ಬರೆದವರಲ್ಲೊಬ್ಬನಾದ ಜಾನ್ ರೊಮೆರೊ 2019ರಲ್ಲಿ ‘ಸಿಜಿಲ್’ ಎಂಬ ಹೊಸ ಸಂಪುಟವನ್ನು ಬಿಡುಗಡೆ ಮಾಡಿದ. ತಾನೇ ಕಟ್ಟಿದ ಆಟಕ್ಕೆ ಇಪ್ಪತ್ತೈದು ವರ್ಷಗಳ ಮೇಲೆ ಅವನೂ ಇತರರಂತೆ ಒಂದು ತೇಪೆ ಹಾಕಿದ.

ಕಡೆಯದಾಗಿ ಒಂದು ಕೃತಿಯ ವಿಷಯ ಹೇಳಬೇಕು. ಸಾಹಿತ್ಯಾಸಕ್ತರು ತಿಳಿದಿರಬೇಕಾದುದು ಅದು. 2023ರ ಮಾರ್ಚಿನಲ್ಲಿ ‘ವೆಡ್ಜ್’ ಎಂಬ ಅಂಕಿತದಲ್ಲಿ ‘ಮೈ ಹೌಸ್’ ಎಂಬ ಡೂಮ್ ನಕಾಶೆಯೊಂದು ಬಂತು. ನನ್ನ ಮನೆ ಎಂದು ಅರ್ಥ. ತೀರಿಹೋದ ಗೆಳೆಯನ ಹಳೆಯ ಫ್ಲಾಪಿ ತಟ್ಟೆಯಲ್ಲಿ ಅರ್ಧಕ್ಕೆ ನಿಂತ ನಕಾಶೆ ಸಿಕ್ಕಿತು, ಅವನ ನೆನಪಿಗಾಗಿ ಮುಗಿಸಿದ್ದೇನೆ ಎಂದು ಕರ್ತೃ ಬರೆದಿದ್ದ. ಮೊದಮೊದಲು ಡೂಮ್ ಕೈಗೆ ಸಿಕ್ಕಾಗ ಎಲ್ಲ ಹುಡುಗರೂ ಬರೆಯುತ್ತಿದ್ದುದು ತಮ್ಮ ತಮ್ಮ ಮನೆಯ ನಕಾಶೆಯನ್ನೇ. ಹೀಗಾಗಿ ಯಾರಿಗೂ ಸಂಶಯ ಬರಲಿಲ್ಲ. ಹಳೆಯ ಓಲೆಗರಿಯ ಕಟ್ಟು ಸಿಕ್ಕಿತೆಂದು ಆರಂಭವಾಗುವ ಕಾದಂಬರಿಗಳನ್ನು ಓದಿದವರಾಗಿದ್ದರೆ ಆ ಮುನ್ನುಡಿಯೂ ಕೃತಿಯ ಭಾಗವೆಂದು ಊಹಿಸುತ್ತಿದ್ದರು. ಹೊರಗಿಗಿಂತ ಒಳಗೆ ದೊಡ್ಡದಾದ ಮನೆಯೊಂದನ್ನು ಕುರಿತ ಮಾರ್ಕ್ ಡ್ಯಾನಿಯೆಲೆವ್‌ಸ್ಕಿಯ 2000ದ ಕಾದಂಬರಿ ‘ಹೌಸ್ ಆಫ್ ಲೀವ್ಸ್’ ಇದರ ಬೆನ್ನ ಹಿಂದೆ ಇದೆ.

ಮೊದಲ ಸಲ ಹೊಕ್ಕಾಗ ಅದು ಸಾಮಾನ್ಯ ಮನೆ. ಪಡಸಾಲೆ, ಅಡುಗೆಮನೆ, ಮಲಗುವ ಕೋಣೆ. ಅಲ್ಲೊಂದು ಇಲ್ಲೊಂದು ರಾಕ್ಷಸ. ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಏನೋ ಬದಲಾಗಿದೆ. ಎಲ್ಲಿ ಎಂದು ಹೇಳಲಾಗುವುದಿಲ್ಲ. ಮತ್ತೊಮ್ಮೆ ಬಂದರೆ ಇನ್ನಷ್ಟು. ಬಾಗಿಲೊಂದು ವಿಮಾನ ನಿಲ್ದಾಣಕ್ಕೆ ತೆರೆಯುತ್ತದೆ, ಇನ್ನೊಂದು ಯಾರೂ ಇಲ್ಲದ ಶಿಶುವಿಹಾರಕ್ಕೆ. ಬಂದೂಕು ಕೈಯಲ್ಲಿದ್ದರೂ ಹೊಡೆಯುವುದಕ್ಕೆ ಎದುರಿಗೆ ಏನೂ ಇಲ್ಲದ ಗಳಿಗೆಗಳೇ ಹೆಚ್ಚು. ಕರ್ತೃ ಈ ಮನೆಯನ್ನು ಎರಡು ಕಡತಗಳಲ್ಲಿ ಹಂಚಿದ್ದ. ಒಂದು ಸಾದಾ ವ್ಯಾಡ್. ಅದರಲ್ಲಿ ಮನೆ ಕೊನೆಯವರೆಗೂ ಮನೆಯಾಗಿಯೇ ಇರುತ್ತದೆ. ಇನ್ನೊಂದು ಜಿಝೀಡೂಮ್ ಯಂತ್ರಕ್ಕೆಂದೇ ಬರೆದದ್ದು. ಅದರಲ್ಲಿ ಮೆಟ್ಟಿಲು ಹತ್ತಿದವನು ಮಹಡಿಯ ಕೋಣೆಯಲ್ಲಿ ನಿಲ್ಲುತ್ತಾನೆ. ತಾನು ಆಗತಾನೆ ದಾಟಿ ಬಂದ ಪಡಸಾಲೆ ನೇರವಾಗಿ ಅವನ ಕಾಲ ಕೆಳಗೆ ಇರುತ್ತದೆ.